ಥ್ಯಾಡಿಯಸ್ ಸ್ಟೀವನ್ಸ್ ಸಮಾಧಿ ಅಷ್ಟು ಚಿಕ್ಕ ಸ್ಮಶಾನದಲ್ಲಿ ಏಕಿದೆ?

ಪ್ರಶ್ನೆ: ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ವಕೀಲ, ಸಂಸದ ಥ್ಯಾಡಿಯಸ್ ಸ್ಟೀವನ್ಸ್‌ಗೆ ಸಂಸತ್ ಭವನದಲ್ಲೇ ಅಂತಿಮ ಗೌರವ ಸಿಕ್ಕಿತು. ಹಾಗಿದ್ದೂ ಪುಟ್ಟ ಸ್ಮಶಾನವೊಂದರಲ್ಲಿ ಮಣ್ಣು ಮಾಡಿದ್ದೇಕೆ?

ಉತ್ತರ: ಅದು ಆತನೇ ಆರಿಸಿಕೊಂಡ ಜಾಗ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಬೇರೆ ಸ್ಮಶಾನಗಳ ನಿಯಮಾವಳಿ ಕಪ್ಪು ಜನರನ್ನು ಹೊರಗಿಟ್ಟಿತ್ತು. ಶ್ರೈನರ್ ಸ್ಮಶಾನದಲ್ಲಿ ಆ ಕಟ್ಟುಪಾಡು ಇರಲಿಲ್ಲ. ಕಾರಣವನ್ನು ಸಮಾಧಿಯ ಕಲ್ಲೇ ಹೇಳುತ್ತದೆ. ಏಕಾಂತ ಇಷ್ಟವೆಂದು ಇಲ್ಲಿ ಮಲಗಿಲ್ಲ. ಉಳಿದ ಸ್ಮಶಾನಗಳು ಜನಾಂಗ ನೋಡಿ ಜಾಗ ಕೊಡುತ್ತವೆ. ಸೃಷ್ಟಿಕರ್ತನ ಮುಂದೆ ಮನುಷ್ಯರು ಸಮಾನರೆಂದು ಬದುಕಿಡೀ ವಾದಿಸಿದ್ದನ್ನು ಸಾವಿನಲ್ಲೂ ತೋರಿಸಲು ಈ ಜಾಗ ಆರಿಸಿದೆ, ಎಂಬುದು ಅಲ್ಲಿನ ಬರಹದ ಸಾರ.

'ಬದುಕಿಡೀ' ಎನ್ನುವಲ್ಲಿ ಒಂದು ಮಾತು ಹೇಳಲೇಬೇಕು. 1821ರಲ್ಲಿ, ಗೆಟ್ಟಿಸ್‌ಬರ್ಗ್‌ನಲ್ಲಿ ಯುವ ವಕೀಲನಾಗಿದ್ದಾಗ, ಸ್ಟೀವನ್ಸ್ ಗುಲಾಮರ ಒಡೆಯನ ಪರ ವಕಾಲತ್ತು ವಹಿಸಿದ್ದ. ಆರು ತಿಂಗಳು ಪೆನ್ಸಿಲ್ವೇನಿಯಾದಲ್ಲಿ ಇರಿಸಿಕೊಂಡ ಗುಲಾಮರಿಗೆ ಅಲ್ಲಿನ ಕಾನೂನು ಬಿಡುಗಡೆ ಕೊಡುತ್ತಿತ್ತು. ಚ್ಯಾರಿಟಿ ಬಟ್ಲರ್ ಎಂಬ ಹೆಂಗಸು ಅದನ್ನೇ ನಂಬಿ ಕೋರ್ಟಿಗೆ ಬಂದಿದ್ದಳು. ಆಗಾಗ ಬಂದುಹೋದ ದಿನಗಳನ್ನು ಕೂಡಿಸಿ ಲೆಕ್ಕ ಹಾಕುವಂತಿಲ್ಲ ಎಂದು ತೀರ್ಪಾಯಿತು. ಸ್ಟೀವನ್ಸ್ ಗೆದ್ದ, ಚ್ಯಾರಿಟಿ, ಆಕೆಯ ಮಕ್ಕಳು ಗುಲಾಮಗಿರಿಗೇ ಮರಳಿದರು. ಈ ಕೇಸನ್ನು ಬಿಟ್ಟು ಆತನ ಕಥೆ ಹೇಳುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲಿನ ಸ್ಟೀವನ್ಸ್ ಬೇರೆಯೇ ಮನುಷ್ಯ. 1792ರಲ್ಲಿ ವರ್ಮಾಂಟ್‌ನ ಬಡ ಮನೆಯಲ್ಲಿ ಹುಟ್ಟಿದವ, ಹುಟ್ಟಿನಿಂದಲೇ ಒಂದು ಪಾದ ಸೊಟ್ಟ. 1835ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಶಾಸನಸಭೆಯಲ್ಲಿ ಆತ ಮಾಡಿದ ಭಾಷಣ ಉಚಿತ ಶಾಲೆಗಳ ಕಾಯ್ದೆಯನ್ನು ಉಳಿಸಿತು. ಓಡಿಬಂದ ಗುಲಾಮರ ಪರ ಕೋರ್ಟಿನಲ್ಲಿ ನಿಂತ. ಅಂತರ್ಯುದ್ಧದ ಹೊತ್ತಿಗೆ ಸಂಸತ್ತಿನ ಹಣಕಾಸು ಸಮಿತಿ ಆತನ ಕೈಯಲ್ಲಿತ್ತು.

ಕಾನೂನಿನ ಸಮಾನ ರಕ್ಷಣೆ ಕೊಡುವ, ಅಮೆರಿಕ ಸಂವಿಧಾನದ 14ನೇ ತಿದ್ದುಪಡಿಯನ್ನು 1866ರಲ್ಲಿ ಸದನದಲ್ಲಿ ಮುನ್ನಡೆಸಿದವನೂ ಆತನೇ. ನಮ್ಮ ಸಂವಿಧಾನದ 14ನೇ ವಿಧಿಯಲ್ಲಿರುವ 'ಕಾನೂನುಗಳ ಸಮಾನ ಸಂರಕ್ಷಣೆ' ಎಂಬ ಮಾತು ಬಂದದ್ದು ಅಲ್ಲಿಂದ. ಆ ತಿದ್ದುಪಡಿ ಸ್ಟೀವನ್ಸ್‌ಗೆ ಸಾಲದೆನಿಸಿತ್ತು. ಮತ್ತೇಕೆ ಒಪ್ಪಿದೆ ಎಂದರೆ, ನಾನಿರುವುದು ಮನುಷ್ಯರ ನಡುವೆ, ದೇವತೆಗಳ ನಡುವೆ ಅಲ್ಲ ಎಂದ.

1868ರ ಜುಲೈ 28ಕ್ಕೆ ಅದು ಜಾರಿಯಾಯಿತೆಂದು ಘೋಷಣೆಯಾಯಿತು. ಆಗಸ್ಟ್ 11ರಂದು ಸ್ಟೀವನ್ಸ್ ತೀರಿಕೊಂಡ. ಸಂಸತ್ ಭವನದಲ್ಲಿ ಶವಪೆಟ್ಟಿಗೆಗೆ ಕಾವಲು ನಿಂತವರು ಕಪ್ಪು ಸೈನಿಕರು. ಅವರಲ್ಲಿ ಯಾರನ್ನು ಬೇಕಾದರೂ ಶ್ರೈನರ್ ಸ್ಮಶಾನದಲ್ಲಿ ಆತನ ಪಕ್ಕದಲ್ಲೇ ಮಣ್ಣು ಮಾಡಬಹುದಿತ್ತು.