ಅಣ್ಣತಮ್ಮಂದಿರಿದ್ದಾರಾ ಅಂತ ಮೊದಲು ಕೇಳಿ

ಡಿಎನ್‌ಎ ವರದಿ ಕೈಗೆ ಬಂದ ಕೂಡಲೇ ವಕೀಲರು ಕೊನೆಯ ಪುಟಕ್ಕೇ ಹಾರುತ್ತಾರೆ. ಅಲ್ಲೊಂದು ಸಂಖ್ಯೆ ಇರುತ್ತದೆ, ಇಷ್ಟು ಕೋಟಿಗೆ ಒಬ್ಬರು ಅಂತ. "ಹಾಗಾದ್ರೆ ಈ ಆರೋಪಿ ನಿರಪರಾಧಿ ಆಗಿರೋ ಸಾಧ್ಯತೆ ಅಷ್ಟು ಕೋಟಿಗೆ ಒಂದು, ಅಲ್ವಾ ಸಾರ್?" ಅಲ್ಲ ಸ್ವಾಮಿ, ಅಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ಕೇಸಿನಲ್ಲಿ ಮತ್ತೆ ಅದೇ ಪ್ರಶ್ನೆ.

ಅಪರಾಧದ ಜಾಗದಲ್ಲಿ ಸಿಕ್ಕ ರಕ್ತ ಇತ್ಯಾದಿಯ ಕಲೆ ಬೇರೆಯವರದ್ದಾಗಿದ್ದು, ಆ ಬೇರೆಯವರು ಇವನಿಗೆ ರಕ್ತಸಂಬಂಧಿ ಅಲ್ಲದೇ ಇದ್ದರೆ, ಅದರ ಡಿಎನ್‌ಎ ಇವನದ್ದಕ್ಕೆ ಹೀಗೆ ತಾಳೆಯಾಗುವುದು ಎಷ್ಟು ಅಪರೂಪ ಅನ್ನೋದನ್ನಷ್ಟೇ ಆ ಸಂಖ್ಯೆ ಹೇಳುತ್ತದೆ. ಕಲೆ ಅಲ್ಲಿಗೆ ಹೇಗೆ ಬಂತು, ಯಾವತ್ತು ಬಂತು ಅನ್ನೋದು ಅದಕ್ಕೆ ಗೊತ್ತಿಲ್ಲ.

ರಕ್ತಸಂಬಂಧದ ಮಾತನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೇ ಲೆಕ್ಕ ಹಾಕಿ ತೋರಿಸುತ್ತೇನೆ. ಡಿಎನ್‌ಎಯಲ್ಲಿ ಟಿಎಚ್01 ಅನ್ನೋ ಜಾಗದಲ್ಲಿ ನಾಲ್ಕಕ್ಷರದ ತುಣುಕು ಕೆಲವರಲ್ಲಿ ಸಾಲಾಗಿ 6 ಸಲ ಬರುತ್ತದೆ, ಕೆಲವರಲ್ಲಿ 9 ಸಲ. ಕೆಲವರದ್ದು 9.3, ಅಂದರೆ ಒಂಬತ್ತು ಪೂರ್ತಿ, ಇನ್ನೊಂದರಲ್ಲಿ ಒಂದಕ್ಷರ ಕಾಣೆ. ಅಪ್ಪನಿಂದೊಂದು, ಅಮ್ಮನಿಂದೊಂದು. ಒಬ್ಬನಲ್ಲಿರುವ ಎರಡೂ ಬೇರೆ ಬೇರೆ, ಒಂದೊಂದರ ಪ್ರಮಾಣವೂ ಜನರಲ್ಲಿ ನೂರಕ್ಕೆ ಹತ್ತು ಅಂದುಕೊಳ್ಳಿ. ಹೊರಗಿನವನಿಗೆ ಅದೇ ಜೋಡಿ ಬರುವುದು 50ಕ್ಕೆ ಒಂದು ಸಲ. ಒಡಹುಟ್ಟಿದ ತಮ್ಮನಿಗೆ? ಅಪ್ಪ ಅಮ್ಮ ಇಬ್ಬರಿಂದಲೂ ಅವೇ ಬಂದಿರುವ ಸಾಧ್ಯತೆಯೇ ನಾಲ್ಕಕ್ಕೆ ಒಂದು, ಆಕಸ್ಮಿಕವಾಗಿ ಹೊಂದಿಕೊಳ್ಳೋದನ್ನೂ ಸೇರಿಸಿದರೆ 0.305. ಇಂಥ ಹತ್ತು ಜಾಗ ಗುಣಿಸಿ ನೋಡಿ. ಹೊರಗಿನವನಿಗೆ 976 ಕೋಟಿ ಕೋಟಿಗೆ ಒಂದು, ತಮ್ಮನಿಗೆ ಸುಮಾರು 1.4 ಲಕ್ಷಕ್ಕೆ ಒಂದು!

ಈಗಿನ ಡಿಎನ್‌ಎ ಪರೀಕ್ಷೆಯ ಕಿಟ್‌ಗಳು 20 ಅಥವಾ ಅದಕ್ಕಿಂತ ಜಾಸ್ತಿ ಜಾಗ ಓದುತ್ತವೆ, ಹಾಗಾಗಿ ತಮ್ಮನೂ ಬೇರೆಯಾಗಿಯೇ ಕಾಣುತ್ತಾನೆ, ತದ್ರೂಪಿ ಅವಳಿ ಅಲ್ಲದಿದ್ದರೆ. ಆದರೆ ಬಿಸಿಲು ಮಳೆಗೆ ಕೆಟ್ಟ ಕಲೆಯಲ್ಲಿ ಏಳೆಂಟೇ ಜಾಗ ಸಿಕ್ಕಾಗ ನನಗೆ ಧೈರ್ಯ ಸಾಲುವುದಿಲ್ಲ.

ನಮ್ಮಲ್ಲಂತೂ ಅಕ್ಕನ ಮಗಳನ್ನೇ ತಂದುಕೊಳ್ಳುತ್ತಾರೆ, ಅದೂ ತಲೆಮಾರುಗಟ್ಟಲೆ. ಸಣ್ಣ ಗುಂಪಿನೊಳಗೇ ಮದುವೆಯಾದಾಗ, ರಾಜ್ಯದ ಸರಾಸರಿಯಲ್ಲಿ ಅಪರೂಪವಾದದ್ದು ಆ ಊರಲ್ಲಿ ಮಾಮೂಲಿ ಆಗಿರಬಹುದು. ಇದಕ್ಕೆ ಲೆಕ್ಕದಲ್ಲೇ ಒಂದು ತಿದ್ದುಪಡಿ ಇದೆ, ಥೀಟಾ ಅನ್ನೋ ಸಂಖ್ಯೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1996ರಲ್ಲೇ ಸಾಮಾನ್ಯವಾಗಿ 0.01, ಪ್ರತ್ಯೇಕವಾಗಿ ಉಳಿದ ಸಣ್ಣ ಗುಂಪಿಗೆ 0.03 ಬಳಸಿ ಅಂದಿತ್ತು. ಅದು ಗುಂಪಿನೊಳಗಿನ ದೂರದ ನಂಟಿಗೆ. ತಮ್ಮನಿಗೆ ಸಾಲದು.

ಒಬ್ಬ ಇನ್‌ಸ್ಪೆಕ್ಟರ್‌ಗೆ ಇಷ್ಟೆಲ್ಲ ಹೇಳಿ, ಆರೋಪಿಗೆ ಅಣ್ಣತಮ್ಮಂದಿರಿದ್ದಾರಾ ಅಂತ ಕೇಳಿದೆ. "ನಾಲ್ಕು ಜನ ಇದ್ದಾರೆ ಸಾರ್, ಆದ್ರೆ ಅವರೆಲ್ಲ ಒಳ್ಳೆಯವರು" ಅಂದರು. ಪಾಪ, ಮನುಷ್ಯ ಒಳ್ಳೆಯವರೇ. ಕಾನೂನಿನ ಪ್ರಕಾರ ಆ ನಾಲ್ವರ ಕೆನ್ನೆಯೊಳಗಿನ ಸ್ವಾಬ್ ಕೂಡ ತೆಗೆಸಿ ಕಳಿಸಿ ಅಂದೆ.