ಕೇಂದ್ರ ಸ್ಥಳ: ಪೇಟೆಯನ್ನು ಸಾಕುವುದು ಸುತ್ತಲಿನ ಹಳ್ಳಿಗಳು

ಉಪ್ಪು, ಬೆಂಕಿಪೊಟ್ಟಣ ಊರಿನ ಅಂಗಡಿಯಲ್ಲೇ ಸಿಗುತ್ತವೆ. ಪಂಪ್‌ಸೆಟ್ ರಿಪೇರಿಗೆ, ಮದುವೆ ಬಟ್ಟೆಗೆ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತೇವೆ. ಹೃದಯದ ಆಪರೇಷನ್ ಅಂದರೆ ಮೈಸೂರೋ, ಹುಬ್ಬಳ್ಳಿಯೋ, ಬೆಂಗಳೂರೋ ಆಗಬೇಕು. ಯಾವುದು ಎಲ್ಲಿ ಸಿಗುತ್ತದೆ ಅನ್ನುವುದಕ್ಕೂ ಒಂದು ಲೆಕ್ಕಾಚಾರ ಇದೆ. ಮಾನವ ಭೂಗೋಳಶಾಸ್ತ್ರದಲ್ಲಿ ಅದನ್ನು ವಿವರಿಸುವ ಪರಿಕಲ್ಪನೆಯೇ ‘ಕೇಂದ್ರ ಸ್ಥಳ’.

ಸುತ್ತಲಿನ ಊರುಗಳಿಗೆ ಸರಕು ಮತ್ತು ಸೇವೆ ಒದಗಿಸುವ ಊರು ಕೇಂದ್ರ ಸ್ಥಳ. ಇಲ್ಲಿ ಜನಸಂಖ್ಯೆಯೊಂದೇ ಮುಖ್ಯವಲ್ಲ. ಗಣಿ ಕೆಲಸಗಾರರ ಕಾಲೊನಿಯಲ್ಲಿ ಸಾವಿರಾರು ಜನ ಇರಬಹುದು, ಆದರೆ ಹೊರಗಿನವರು ಯಾವ ಕೆಲಸಕ್ಕೂ ಅಲ್ಲಿಗೆ ಬರದಿದ್ದರೆ ಅದರ ಕೇಂದ್ರೀಯತೆ ಕಡಿಮೆ. ಅದಕ್ಕಿಂತ ಚಿಕ್ಕ ಊರೊಂದರಲ್ಲಿ ಬ್ಯಾಂಕು, ಗೊಬ್ಬರದಂಗಡಿ, ಆಸ್ಪತ್ರೆ, ಕಾಲೇಜು ಇದ್ದು, ಸುತ್ತಲಿನ ಹಳ್ಳಿಗಳೆಲ್ಲ ಅದನ್ನೇ ನಂಬಿದ್ದರೆ ಅದರ ಕೇಂದ್ರೀಯತೆ ಜಾಸ್ತಿ.

ಈ ಸಿದ್ಧಾಂತವನ್ನು ರೂಪಿಸಿದವರು ಜರ್ಮನಿಯ ಭೂಗೋಳಶಾಸ್ತ್ರಜ್ಞ ವಾಲ್ಟರ್ ಕ್ರಿಸ್ಟಾಲರ್. ದಕ್ಷಿಣ ಜರ್ಮನಿಯ ಊರುಗಳನ್ನು ಅಧ್ಯಯನ ಮಾಡಿ 1933ರಲ್ಲಿ ಅವರು ಇದನ್ನು ಪ್ರಕಟಿಸಿದರು. ಊರಿನ ಕೇಂದ್ರೀಯತೆ ಅಳೆಯಲು ಅವರು ಎಣಿಸಿದ್ದು ಟೆಲಿಫೋನುಗಳನ್ನು. ಆಗ ಫೋನ್ ಹೆಚ್ಚಾಗಿ ಇರುತ್ತಿದ್ದದ್ದು ವ್ಯಾಪಾರಿಗಳ ಮತ್ತು ಕಚೇರಿಗಳ ಬಳಿ. ಜನಸಂಖ್ಯೆಗೆ ಹೋಲಿಸಿದರೆ ಇರಬೇಕಾದ್ದಕ್ಕಿಂತ ಹೆಚ್ಚು ಫೋನ್ ಇದ್ದರೆ, ಆ ಊರು ಹೊರಗಿನವರಿಗೂ ಸೇವೆ ಕೊಡುತ್ತಿದೆ ಎಂದರ್ಥ. ಎಷ್ಟು ಸರಳವಾದ ಉಪಾಯ ಅಲ್ವಾ!

ಇಡೀ ಸಿದ್ಧಾಂತ ನಿಂತಿರುವುದು ಎರಡು ಅಳತೆಗಳ ಮೇಲೆ. ಒಂದು, ಅಂಗಡಿ ನಷ್ಟವಿಲ್ಲದೆ ನಡೆಯಲು ಬೇಕಾದ ಕನಿಷ್ಠ ಗಿರಾಕಿ. ಇನ್ನೊಂದು, ಒಂದು ಸರಕಿಗಾಗಿ ಜನ ಹೋಗಲು ಒಪ್ಪುವ ಗರಿಷ್ಠ ದೂರ. ಉಪ್ಪಿಗಾಗಿ ಯಾರೂ ಇಪ್ಪತ್ತು ಕಿಲೋಮೀಟರ್ ಹೋಗುವುದಿಲ್ಲ. ಚಿನ್ನಕ್ಕೆ ಹೋಗುತ್ತಾರೆ. ಹಾಗಾಗಿ ಕಿರಾಣಿ ಅಂಗಡಿ ಹಳ್ಳಿಹಳ್ಳಿಯಲ್ಲೂ ಉಳಿಯುತ್ತದೆ, ಚಿನ್ನದಂಗಡಿ ಪೇಟೆಯಲ್ಲಿ ಮಾತ್ರ.

ಜನ ಬರಲು ಒಪ್ಪುವ ದೂರದೊಳಗೆ ಸಾಕಷ್ಟು ಗಿರಾಕಿಯೇ ಇಲ್ಲದಿದ್ದರೆ? ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ದಾರಿ ಸಂತೆ. ಗಿರಾಕಿ ದೂರ ಬರಲಾರ ಅಂದಮೇಲೆ ವ್ಯಾಪಾರಿಯೇ ಊರೂರು ತಿರುಗುತ್ತಾನೆ. ಸೋಮವಾರ ಒಂದು ಊರು, ಬುಧವಾರ ಇನ್ನೊಂದು, ಶನಿವಾರ ಮತ್ತೊಂದು. ಒಂದೊಂದೇ ಊರಿನ ಗಿರಾಕಿ ಸಾಲದಿದ್ದರೂ ವಾರದ ಒಟ್ಟು ಗಿರಾಕಿ ಸಾಕಾಗುತ್ತದೆ. ಅಕ್ಕಪಕ್ಕದ ಸಂತೆಗಳು ಸಾಮಾನ್ಯವಾಗಿ ಬೇರೆ ಬೇರೆ ದಿನ ಬೀಳುವುದು ಇದೇ ಕಾರಣಕ್ಕೆ. ಕೊಡಗಿನ ಶನಿವಾರಸಂತೆಯಂಥ ಊರು ತನ್ನ ಹೆಸರಿನಲ್ಲೇ ಆ ದಿನವನ್ನು ಇಟ್ಟುಕೊಂಡಿದೆ. ಸಂತೆಯನ್ನು ಹಳೇ ಕಾಲದ ಪಳೆಯುಳಿಕೆ ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದು ತುಂಬಾ ಜಾಣ ವ್ಯವಸ್ಥೆ.

ಕ್ರಿಸ್ಟಾಲರ್ ಚಿತ್ರದಲ್ಲಿ ಪ್ರತಿ ಊರಿನ ಸೇವಾ ಪ್ರದೇಶ ಆರು ಮೂಲೆಯ ಆಕಾರದಲ್ಲಿದೆ. ವೃತ್ತಗಳನ್ನು ಜೋಡಿಸಿದರೆ ನಡುವೆ ಖಾಲಿ ಜಾಗ ಉಳಿಯುತ್ತದೆ, ಇಲ್ಲವೇ ಒಂದರ ಮೇಲೊಂದು ಬೀಳುತ್ತವೆ. ಷಟ್ಕೋನಗಳಲ್ಲಿ ಆ ತೊಂದರೆ ಇಲ್ಲ. ಚಿಕ್ಕ ಷಟ್ಕೋನಗಳ ಮೇಲೆ ದೊಡ್ಡ ಷಟ್ಕೋನ, ಅದರ ಮೇಲೆ ಇನ್ನೂ ದೊಡ್ಡದು. ಆದರೆ ಇದು ನೆಲ ಸಮತಟ್ಟಾಗಿದೆ, ಜನ ಎಲ್ಲೆಡೆ ಸಮನಾಗಿ ಹರಡಿದ್ದಾರೆ ಎಂದು ಭಾವಿಸಿ ಬರೆದ ಚಿತ್ರ. ಮಲೆನಾಡಿನಲ್ಲಿ ಬೆಟ್ಟವೂ ಹೊಳೆಯೂ ಅದನ್ನು ಕಲಸಿಬಿಡುತ್ತವೆ.

ಆಡಳಿತದಲ್ಲೂ ಇಂಥದೇ ಮೆಟ್ಟಿಲುಗಳಿವೆ. ನಮ್ಮಲ್ಲಿ ಹಳ್ಳಿ, ಹೋಬಳಿ, ತಾಲ್ಲೂಕು, ಜಿಲ್ಲೆ. ವ್ಯಾಪಾರಕ್ಕೆ ಎರಡು ಪೇಟೆಗಳಲ್ಲಿ ಯಾವುದಕ್ಕಾದರೂ ಹೋಗಬಹುದು, ಪಹಣಿ ತಿದ್ದುಪಡಿಗೆ ಮಾತ್ರ ನಮ್ಮ ತಾಲ್ಲೂಕಿಗೇ ಹೋಗಬೇಕು. ಪಕ್ಕದ ತಾಲ್ಲೂಕು ಕೇಂದ್ರವೇ ಹತ್ತಿರವಿರುವ ಗಡಿಹಳ್ಳಿಯವರಿಗೆ ಇದರ ಕಷ್ಟ ಚೆನ್ನಾಗಿ ಗೊತ್ತು.

ಇದೇ ಸಿದ್ಧಾಂತಕ್ಕೆ ಕರಾಳ ಅಧ್ಯಾಯವೂ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕ್ರಿಸ್ಟಾಲರ್ ನಾಜಿ ಆಡಳಿತಕ್ಕಾಗಿ, ವಶಪಡಿಸಿಕೊಂಡ ಪೋಲೆಂಡಿನ ಊರುಗಳನ್ನು ಮರುಜೋಡಿಸುವ ಯೋಜನೆಯಲ್ಲಿ ಕೆಲಸ ಮಾಡಿದರು. ಅಲ್ಲಿದ್ದ ಜನರನ್ನು ಓಡಿಸಿ ಜರ್ಮನರನ್ನು ನೆಲೆಗೊಳಿಸುವ ಯೋಜನೆ ಅದು. ಸಿದ್ಧಾಂತವನ್ನು ಪಾಠ ಮಾಡುವಾಗ ಇದನ್ನು ಬಿಟ್ಟುಬಿಡಬಾರದು.

ಊರುಗಳನ್ನು ಯೋಜಿಸಿ ಕಟ್ಟುವುದನ್ನು ನೆದರ್‌ಲ್ಯಾಂಡ್ಸಿನಲ್ಲಿ ಬೇರೆ ಥರ ನೋಡಬಹುದು. ಅಲ್ಲಿ ನೀರಿನಡಿಯಿದ್ದ ನೆಲವನ್ನು 1942ರಲ್ಲಿ ಒಣಗಿಸಿ ನೋರ್ಡೋಸ್ಟ್‌ಪೋಲ್ಡರ್ ಎಂಬ ಪ್ರದೇಶ ಮಾಡಿದರು. ನಡುವೆ ಎಮ್ಮೆಲೋರ್ಡ್ ಪಟ್ಟಣ, ಸುತ್ತಲೂ ಹತ್ತು ಹಳ್ಳಿ. ಹೊಲಗಳಿಂದ ಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ. ಆಮೇಲೆ ಕಾರು ಬಂತು. ಜನ ಹಳ್ಳಿ ದಾಟಿ ನೇರ ಪಟ್ಟಣಕ್ಕೇ ಹೋಗತೊಡಗಿದರು. ಹಾಗಾಗಿ ಆಮೇಲೆ ಒಣಗಿಸಿದ ಇನ್ನೊಂದು ಪ್ರದೇಶದಲ್ಲಿ ಹಳ್ಳಿಗಳ ಸಂಖ್ಯೆಯನ್ನೇ ಕಡಿಮೆ ಮಾಡಿದರು.

ನಮ್ಮಲ್ಲಿ ಬೈಕು ಅದೇ ಕೆಲಸ ಮಾಡುತ್ತಿದೆ. ಆದರೆ ದೂರ ಎಲ್ಲರಿಗೂ ಒಂದೇ ಅಲ್ಲ. ಬೈಕ್ ಇರುವ ಹುಡುಗನಿಗೆ ಹದಿನೈದು ಕಿಲೋಮೀಟರ್ ಅಂದರೆ ಅರ್ಧ ಗಂಟೆ. ಪಿಂಚಣಿ ತರಲು ಹೊರಟ ಅಜ್ಜಿಗೆ ಬಸ್ಸಿಗೆ ಕಾಯುವುದೂ ಸೇರಿ ಅದೇ ದೂರ ಇಡೀ ದಿನದ ಕೆಲಸ. ಹಳ್ಳಿಯ ಶಾಲೆಯನ್ನೋ ಬ್ಯಾಂಕ್ ಶಾಖೆಯನ್ನೋ ಇನ್ನೊಂದರ ಜೊತೆ ವಿಲೀನ ಮಾಡುವಾಗ ನಕ್ಷೆಯ ಕಿಲೋಮೀಟರ್ ಲೆಕ್ಕ ಸಾಲದು. ಆ ಅಜ್ಜಿಗೆ ತಗಲುವ ಸಮಯವನ್ನೂ ಬಸ್ ಚಾರ್ಜನ್ನೂ ಲೆಕ್ಕಕ್ಕೆ ಹಿಡಿಯಬೇಕು.