ಚಳಿಗಾಲದಲ್ಲೂ ಎಲೆ ಉದುರಿಸದ ಡಾಗ್‌ವುಡ್: ಬೆಳೆಸುವವರಿಗೆ ಟಿಪ್ಪಣಿ

ಡಾಗ್‌ವುಡ್ (ಸಸ್ಯಶಾಸ್ತ್ರದ ಹೆಸರು ಕಾರ್ನಸ್) ಜಾತಿಯ ಹೆಚ್ಚಿನ ಮರಗಳು ಚಳಿಗಾಲದಲ್ಲಿ ಬೋಳಾಗುತ್ತವೆ. ಎಲೆ ಉಳಿಸಿಕೊಳ್ಳುವವು ಕೆಲವೇ. ಅವುಗಳಲ್ಲಿ ಕಾರ್ನಸ್ ಕ್ಯಾಪಿಟೇಟಾ ನಮ್ಮ ಹಿಮಾಲಯದ್ದೇ. ಉತ್ತರಾಖಂಡದ ಜನ ಇದನ್ನು ಭಮೋರಾ ಅನ್ನುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲಿ ಇದು ಇಂಗ್ಲೆಂಡಿಗೆ ಹೋಯಿತು. ಚಳಿ ಅಷ್ಟೇನೂ ಕಡುವಲ್ಲದ ಕಾರ್ನ್‌ವಾಲ್ ಕಡೆ ಚೆನ್ನಾಗಿ ಒಗ್ಗಿಕೊಂಡಿತು.

ಯಾಕೆ ಅಲ್ಲೇ? ಎಲೆ ಇರುವ ತನಕ ಮರದಿಂದ ನೀರು ಆವಿಯಾಗುತ್ತಲೇ ಇರುತ್ತದೆ. ನೆಲ ಹೆಪ್ಪುಗಟ್ಟಿದರೆ ಬೇರಿಗೆ ನೀರು ಸಿಗುವುದಿಲ್ಲ. ಮೇಲೆ ಒಣಗಾಳಿ ಬೀಸಿದರಂತೂ ಎಲೆ ಸುಟ್ಟಂತಾಗುತ್ತದೆ. ಮೈನಸ್ 10 ಡಿಗ್ರಿ ಹತ್ತಿರ ಬಂದರೆ ಕೊಂಬೆಗಳಿಗೂ ಪೆಟ್ಟು. ಹಾಗಾಗಿ ಜಾಗ ಹುಡುಕುವಾಗ ಬಿಸಿಲಿಗಿಂತ ಮೊದಲು ಗಾಳಿಯ ದಿಕ್ಕು ನೋಡಿ. ಹಾಗಂತ ಬೆಂಗಳೂರಿನ ಬಾಲ್ಕನಿಗೆ ತರಿಸಬೇಡಿ, ಇದು ತಂಪು ಬೆಟ್ಟದ ಮರ.

ಇನ್ನು ಹೂವಿನ ವಿಷಯ. ಬೇಸಿಗೆಯ ಮೊದಲಲ್ಲಿ ಕಾಣುವ ನಾಲ್ಕು ತಿಳಿಹಳದಿ 'ದಳ'ಗಳು ದಳಗಳೇ ಅಲ್ಲ, ಬಣ್ಣ ಬಂದ ಎಲೆಗಳು. ಬೋಗನ್‌ವಿಲ್ಲಾದಲ್ಲಿ ಇರುವಂತೆಯೇ ಅಲ್ವಾ? ನಿಜವಾದ ಹೂಗಳು ನಡುವಿನ ಪುಟ್ಟ ಉಂಡೆಯಲ್ಲಿ ಒತ್ತೊತ್ತಾಗಿ ಕೂತಿರುತ್ತವೆ. ಅವೆಲ್ಲ ಕೂಡಿಕೊಂಡೇ ಕೆಂಪು ಹಣ್ಣಾಗುತ್ತದೆ. ತಿನ್ನಬಹುದು, ಆದರೆ ರುಚಿ ಸಪ್ಪೆ, ಸ್ವಲ್ಪ ಕಹಿ. ಹಣ್ಣು ನೆಲದ ತುಂಬ ಬೀಳುವುದರಿಂದ ಕಲ್ಲು ಹಾಸಿದ ಕಡೆ ಬೇಡ.

ಮಣ್ಣು ಸ್ವಲ್ಪ ಹುಳಿಗುಣದ್ದಿರಲಿ, ಎಲೆಗೊಬ್ಬರ ಜಾಸ್ತಿ ಇರಲಿ, ನೀರು ನಿಲ್ಲಬಾರದು. ಬೇರು ಮೇಲ್ಮೇಲೆಯೇ ಹರಡುತ್ತದೆ. ಬುಡದಲ್ಲಿ ಅಗೆಯಬೇಡಿ, ಸುಮ್ನೆ ತರಗೆಲೆ ಹೊದಿಸಿ. ಆದರೆ ಕಾಂಡಕ್ಕೆ ಅದು ತಾಗದಿರಲಿ.

ಬೀಜದಿಂದ ಬೆಳೆಸುವುದಾದರೆ ತಿರುಳು ಪೂರ್ತಿ ತೊಳೆಯಿರಿ. ಆಮೇಲೆ ಒದ್ದೆ ಮರಳಲ್ಲಿ ಕೆಲವು ತಿಂಗಳು ಫ್ರಿಜ್ಜಿನಲ್ಲಿಡಿ. ಹೂವಿಗೆ ಎಷ್ಟೋ ವರ್ಷ ಕಾಯಬೇಕು. ಅಷ್ಟು ತಾಳ್ಮೆ ಇಲ್ಲದವರಿಗೆ ಕಸಿ ಗಿಡವೇ ವಾಸಿ.

ಚೀನಾದ ಕಾರ್ನಸ್ ಎಲಿಪ್ಟಿಕಾ, ಕಾರ್ನಸ್ ಹಾಂಗ್‌ಕಾಂಗೆನ್ಸಿಸ್ ಕೂಡ ಇದೇ ಗುಂಪಿನವು. ಎಲಿಪ್ಟಿಕಾದ ಎಲೆ ಚಳಿಯಲ್ಲಿ ನೇರಳೆಗೆಂಪಾಗುತ್ತದೆ. ರೋಗ ಅಂದುಕೊಂಡು ಔಷಧಿ ಹೊಡೆಯಬೇಡಿ. ವಸಂತದಲ್ಲಿ ಚಿಗುರು ಬರುವಾಗ ಹಳೆ ಎಲೆ ಉದುರುವುದೂ ಸಹಜವೇ.